ತಲೆ ಮೇಲೆ ಸಾಲ ಇಟ್ಟುಕೊಂಡೇ ಕ್ಲಿಯರೆನ್ಸ್ ತಗೊಂಡೆ

"ಕಾರ್ಡ್ ಸಾಲ ಇಟ್ಕೊಂಡು ಕ್ಲಿಯರೆನ್ಸ್‌ಗೆ ಕೈ ಹಾಕ್ತೀಯಾ? ಸುಮ್ನೆ ಮರ್ಯಾದೆ ಕಳ್ಕೋತೀಯ" ಎಂದು ಕಾರ್‌ಪೂಲ್ ಗೆಳೆಯ ಬಿರಿಯಾನಿ ಪಂದ್ಯ ಕಟ್ಟಿದ್ದ. ಕ್ಲಿಯರೆನ್ಸ್ ಅಂದರೆ ಅಮೆರಿಕ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಬೇಕಾದ ಅನುಮತಿ. ಇಲ್ಲಿ ಮೇರಿಲ್ಯಾಂಡ್‌ನಲ್ಲಿ ಹೋದ ವರ್ಷ ನನಗೆ ಅದರಲ್ಲಿ 'ಸೀಕ್ರೆಟ್' ಮಟ್ಟದ್ದು ಬಂತು. ಆಗ ಇನ್ನೂ 14 ಸಾವಿರ ಚಿಲ್ಲರೆ ಡಾಲರ್ ಸಾಲ ಇತ್ತು.

ಶುರುವಿನಲ್ಲಿ ಸುಮಾರು 38 ಸಾವಿರ. ಲೇಆಫ್ ಆಗಿ ಎಂಟು ತಿಂಗಳು ಮನೆಯಲ್ಲಿ ಕೂತಿದ್ದೆ. ಅದೇ ಹೊತ್ತಿಗೆ ಹಾಸನದಲ್ಲಿ ಅಪ್ಪನಿಗೆ ಬೈಪಾಸ್. ಕಾರ್ಡ್ ಉಜ್ಜಿಯೇ ದುಡ್ಡು ಕಳಿಸಿದೆ.

ಮಾಡಿದ ತಪ್ಪುಗಳು ಒಂದೆರಡಲ್ಲ. ಸಾಲ ಇಳಿಸಿಕೊಡ್ತೀವಿ ಎಂದ ಒಂದು ಕಂಪನಿಗೆ ಮೂರು ಸಾವಿರ ಸುರಿದೆ. ಅಷ್ಟರಲ್ಲಿ ಎರಡು ಕಾರ್ಡು ಚಾರ್ಜ್-ಆಫ್ ಆದವು. ಚಾರ್ಜ್-ಆಫ್ ಅಂದರೆ ಪೀಡೆ ತೊಲಗಿತು ಅಂದುಕೊಂಡಿದ್ದೆ. ಬ್ಯಾಂಕು ತನ್ನ ಲೆಕ್ಕದಲ್ಲಿ ಹೊಡೆದು ಹಾಕಿತ್ತು, ಅಷ್ಟೇ. ಸಾಲ ನನ್ನದೇ. ಇನ್ನೊಂದು ಬ್ಯಾಂಕು ಅರ್ಧ ಬಿಟ್ಟುಕೊಟ್ಟಿತು. ಖುಷಿಪಟ್ಟೆ. ಜನವರಿಯಲ್ಲಿ 1099-ಸಿ ಅನ್ನುವ ಟ್ಯಾಕ್ಸ್ ಫಾರ್ಮ್ ಬಂತು: ಬಿಟ್ಟ ದುಡ್ಡೂ ಆದಾಯವಂತೆ, ಅದಕ್ಕೆ ಟ್ಯಾಕ್ಸ್ ಸಾವಿರದ ನೂರೋ ಏನೋ. ಅದನ್ನು ಅವತ್ತೇ ಕಟ್ಟಿದೆ. ಟ್ಯಾಕ್ಸ್ ಬಾಕಿ ಇಟ್ಟುಕೊಂಡು ಗೈಡ್‌ಲೈನ್ ಎಫ್, ಅಂದರೆ ಕ್ಲಿಯರೆನ್ಸ್‌ಗೆ ಹಣಕಾಸು ಅಳೆಯುವ ನಿಯಮದ ಎದುರು ನಿಲ್ಲುವ ಧೈರ್ಯ ನನಗಿಲ್ಲ.

"ಮೂರು ವರ್ಷ ತಳ್ಳು, ಆಮೇಲೆ ಸಾಲ ಕೊಟ್ಟವರು ಕೋರ್ಟಿಗೆ ಹೋಗಕ್ಕಾಗಲ್ಲ" ಎಂದವರೂ ಇದ್ದರು. ಕೋರ್ಟಿಗೆ ಸರಿ. ಕ್ಲಿಯರೆನ್ಸ್ ನೋಡುವವರಿಗೆ ಅದು ತೀರಿಸುವ ಪ್ರಯತ್ನ ಅನ್ನಿಸುವುದಿಲ್ಲ.

ಕ್ಲಿಯರೆನ್ಸ್ ಫಾರ್ಮ್ ಎಸ್‌ಎಫ್-86ರಲ್ಲಿ ಹಣಕಾಸು ಕೇಳುವ ಸೆಕ್ಷನ್ 26ರಲ್ಲಿ ಎಲ್ಲವನ್ನೂ ಬರೆದೆ, ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಾಣದ ಆಸ್ಪತ್ರೆ ಬಿಲ್ಲನ್ನೂ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸಾಲದ ಜೊತೆ ಸುಳ್ಳು ಹೇಳಿದ ಕೇಸೂ ಸೇರುತ್ತದೆ, ಅಲ್ವಾ? ಫಾರ್ಮ್ ತುಂಬುವ ಮೊದಲೇ ಹನ್ನೊಂದು ತಿಂಗಳು ಕಂತು ಕಟ್ಟಿದ್ದೆ. ಲೇಆಫ್ ಪತ್ರ, ಅಪ್ಪನ ಡಿಸ್ಚಾರ್ಜ್ ಸಮ್ಮರಿ, ದುಡ್ಡು ಕಳಿಸಿದ ರಸೀದಿ, ತಿಂಗಳ ಬಜೆಟ್, ಎಲ್ಲ ಒಂದೇ ಫೈಲಿನಲ್ಲಿ.

ಇಂಟರ್‌ವ್ಯೂನಲ್ಲಿ ತನಿಖೆಯವರು ಕಂತಿನ ರಸೀದಿಗಳನ್ನು ಒಂದೊಂದಾಗಿ ಮಗುಚುತ್ತಾ ಒಂದು ಕಡೆ ನಿಂತರು. "ಫೆಬ್ರವರಿ ಎಲ್ಲಿ?" ಆ ತಿಂಗಳು ಕಾರಿನ ಟ್ರಾನ್ಸ್‌ಮಿಷನ್ ಹೋಗಿತ್ತು. ಮೆಕ್ಯಾನಿಕ್ ಬಿಲ್ಲು ತೆಗೆದಿಟ್ಟೆ. ಹಿಂದೆಯೇ ಮಾರ್ಚ್‌ನಲ್ಲಿ ಎರಡು ಕಂತು ಕಟ್ಟಿದ ರಸೀದಿ. ತಲೆಯಾಡಿಸಿ ಬರೆದುಕೊಂಡರು. ಅಂಥ ಫೈಲು ಅವರು ಜಾಸ್ತಿ ನೋಡಿರಲಿಕ್ಕಿಲ್ಲ, ಬಿಡಿ.

ನಡುವೆ ಕ್ರೆಡಿಟ್ ಸ್ಕೋರ್ ಏರಿಸುವ ಹುಚ್ಚೂ ಹಿಡಿದಿತ್ತು. ಸೆಕ್ಯೂರ್ಡ್ ಕಾರ್ಡ್ (ಮೊದಲೇ ಠೇವಣಿ ಇಟ್ಟು ತಗೊಳ್ಳುವುದು) ತಗೊಂಡು 540ರಿಂದ 660ರ ತನಕ ತಂದೆ. ಯಾರೂ ಸ್ಕೋರ್ ಕೇಳಲೇ ಇಲ್ಲ. ಅಮ್ಮನ ಸಾಸಿವೆ ಡಬ್ಬಿ ಥರ ಖರ್ಚಿಗೊಂದು ಕವರ್ ಮಾಡಿದ್ದೂ ಎರಡೇ ವಾರ ನಡೆಯಿತು.

ಒಂಬತ್ತು ಸಾವಿರದ ಒಂದು ಬಾಕಿಯನ್ನು ಫೋನಿನಲ್ಲೇ ಐದರ ಹತ್ತಿರ ಇಳಿಸಿದೆ. ಒಪ್ಪಿದ್ದನ್ನು ಬರಹದಲ್ಲಿ ತರಿಸಿಕೊಂಡೇ ದುಡ್ಡು ಕಟ್ಟಿ. ಫೋನಿನಲ್ಲಿ ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಈಗ ಅದೇ ಕಾರ್‌ಪೂಲ್ ಗೆಳೆಯನೂ ಫಾರ್ಮ್ ತುಂಬುತ್ತಿದ್ದಾನೆ, ದಿನಾ ಅದನ್ನೇ ಕೇಳುತ್ತಾನೆ. ಮೊದಲು ಬಿರಿಯಾನಿ ಬರಲಿ ಅಂದಿದ್ದೇನೆ.