ಡಿಕ್ಕಿಯಲ್ಲಿ ಏನಿರಬೇಕು, ಕೈಯಳತೆಯಲ್ಲಿ ಏನಿರಬೇಕು

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಕೆಟ್ಟು ನಿಂತ ಕಾರುಗಳಲ್ಲಿ ಸಾಮಾನಿಗೇನೂ ಕೊರತೆ ಇರುವುದಿಲ್ಲ. ಸ್ಟೆಪ್ನಿ ಇರುತ್ತದೆ, ಗಾಳಿ ಇರುವುದಿಲ್ಲ. ಪಾನಾ ಇರುತ್ತದೆ, ನಟ್ ಅಲುಗುವುದಿಲ್ಲ. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಒಂದು ಭಾನುವಾರ ಡಿಕ್ಕಿ ಪೂರ್ತಿ ಖಾಲಿ ಮಾಡಿ, ಇರುವುದನ್ನು ಪರೀಕ್ಷಿಸಿ.

ಸ್ಟೆಪ್ನಿ ಮತ್ತು ಜಾಕ್

ಸ್ಟೆಪ್ನಿ ಹೊರತೆಗೆದು ಗಾಳಿ ಅಳೆಯಿರಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಹೆಚ್ಚಿನ ಕಾರುಗಳಿಗೆ 30ರಿಂದ 36 ಪಿಎಸ್‌ಐ. ಸ್ಟೆಪ್ನಿಗೆ ಮೂರ್ನಾಲ್ಕು ಪಿಎಸ್‌ಐ ಹೆಚ್ಚೇ ಹಾಕಿಸಿ. ಇಟ್ಟಲ್ಲೇ ಗಾಳಿ ಇಳಿಯುತ್ತದೆ, ಹೆಚ್ಚಾದದ್ದನ್ನು ರಸ್ತೆಯಲ್ಲಿ ಬಿಡುವುದು ಸುಲಭ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಒಮ್ಮೆಯೂ ಓಡದ ಸ್ಟೆಪ್ನಿಯ ರಬ್ಬರ್ ಕೂಡ ವರ್ಷಗಳಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಉಳಿದ ಚಕ್ರಗಳಿಗಿಂತ ಸಣಕಲಾದ ಸ್ಟೆಪ್ನಿ ಇದ್ದರೆ ಅದರ ಮೇಲೆ ಬರೆದ ವೇಗ ಮಿತಿ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ., ಮೀರಬೇಡಿ. ಟೈರ್ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ 2020ರ ನಿಯಮ ತಿದ್ದುಪಡಿ ಸ್ಟೆಪ್ನಿಯಿಂದ ವಿನಾಯಿತಿ ಕೊಟ್ಟಿದೆ. ಹೊಸ ಕಾರಾದರೆ ನಿಮ್ಮದರಲ್ಲಿ ಅದು ಇದೆಯೇ ಎಂದೇ ಮೊದಲು ನೋಡಿಕೊಳ್ಳಿ.

ಇನ್ನು ನಟ್. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್‌ನಿಂದ ಬಿಗಿದ ನಟ್ಟನ್ನು ಕಂಪನಿ ಕೊಟ್ಟ ಗಿಡ್ಡ ಪಾನಾದಿಂದ ಬಿಚ್ಚಲು ತೂಕದ ಆಳೇ ಬೇಕು. ಪ್ಲಸ್ ಆಕಾರದ ಪಾನಾ ಅಥವಾ ಗಿಡ್ಡ ಪಾನಾದ ಹಿಡಿಗೆ ತೊಡಿಸಲು ಎರಡು ಅಡಿಯ ಕಬ್ಬಿಣದ ಪೈಪ್ ಇಟ್ಟುಕೊಳ್ಳಿ. ಕಾರುಗಳ ನಟ್ ಬಹುತೇಕ 17, 19 ಅಥವಾ 21 ಎಂಎಂ; ಕೊಳ್ಳುವ ಮೊದಲು ಹಾಕಿ ನೋಡಿ. ಅಲಾಯ್ ಚಕ್ರಕ್ಕೆ ಕಳವು ತಡೆಯುವ ನಟ್ ಇದ್ದರೆ ಅದರ ಪ್ರತ್ಯೇಕ ಕೀ ಡಿಕ್ಕಿಯಲ್ಲೇ ಇರಲಿ. ಮನೆಯ ಷೋಕೇಸಿನಲ್ಲಿ ಅದಕ್ಕೆ ಕೆಲಸವಿಲ್ಲ.

ಒಂದೂವರೆ ಅಡಿಯ ಎರಡು ಮರದ ತುಂಡು, ಒಂದಡಿ ಚೌಕದ ದಪ್ಪ ಪ್ಲೈವುಡ್ ಸೇರಿಸಿ. ಮಳೆಯಲ್ಲಿ ನೆನೆದ ರಸ್ತೆಯಂಚಿನಲ್ಲಿ ಜಾಕ್ ಮಣ್ಣೊಳಗೆ ಇಳಿಯುತ್ತದೆಯೇ ಹೊರತು ಕಾರು ಮೇಲೇಳುವುದಿಲ್ಲ, ಪ್ಲೈವುಡ್ ಅದರಡಿಗೆ. ಚಕ್ರ ಬದಲಿಸುವ ಕ್ರಮ ಹೀಗಿದೆ:

1. ಹ್ಯಾಂಡ್‌ಬ್ರೇಕ್ ಎಳೆದು ಮೊದಲ ಗೇರ್‌ಗೆ, ಆಟೊಮ್ಯಾಟಿಕ್ ಕಾರಾದರೆ ‘ಪಿ’ಗೆ (ಪಾರ್ಕ್) ಹಾಕಿ. ಎಲ್ಲರನ್ನೂ ಇಳಿಸಿ.
2. ಎತ್ತುವ ಚಕ್ರದ ಕರ್ಣದ ತುದಿಯಲ್ಲಿರುವ ಚಕ್ರಕ್ಕೆ ಮರದ ತುಂಡು ಕೊಡಿ, ಇಳಿಜಾರಿನ ಕಡೆಗೆ ಮೊದಲು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅದರಲ್ಲೊಂದನ್ನು ಎತ್ತಿದರೆ ಹಿಡಿತ ಅರ್ಧಕ್ಕೆ ಬಂತು.
3. ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ.
4. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಗುರುತು ಮಾಡಿದ ಜಾಗಕ್ಕೇ ಜಾಕ್ ಕೊಡಿ. ಬೇರೆಡೆ ಕೊಟ್ಟರೆ ತಗಡು ಒಳಗೆ ಮಡಚುತ್ತದೆ.
5. ಸ್ಟೆಪ್ನಿ ಕೂರಿಸಿ, ನಟ್‌ಗಳನ್ನು ಕೈಯಿಂದ ತಿರುಗಿಸಿ, ಕಾರು ಇಳಿಸಿದ ಮೇಲೆ ಎದುರುಬದುರು ಕ್ರಮದಲ್ಲಿ ಬಿಗಿಯಿರಿ. 50 ಕಿ.ಮೀ. ಓಡಿದ ಬಳಿಕ ಇನ್ನೊಮ್ಮೆ ನೋಡಿ.

ಎಚ್ಚರಿಕೆ ತ್ರಿಕೋನವನ್ನು ಇದಕ್ಕೂ ಮೊದಲೇ ಇಡಬೇಕು. ನೇರ ರಸ್ತೆಯಲ್ಲಿ ಕನಿಷ್ಠ 50 ಮೀಟರ್ ಹಿಂದೆ, ಹೆದ್ದಾರಿಯಲ್ಲಿ 100. ಘಾಟಿಯ ತಿರುವಿನಲ್ಲಿ ಮೀಟರ್ ಲೆಕ್ಕ ಬಿಡಿ, ತಿರುವಿಗೆ ಮೊದಲೇ ಕಾಣುವಂತಿಡಿ. ತ್ರಿಕೋನದ ಬದಲು ಕಲ್ಲುಗಳನ್ನು ಇಟ್ಟವರು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗುವುದು ಅಕ್ಷಮ್ಯ.

ಬ್ಯಾಟರಿ ಸತ್ತಾಗ

ಜಂಪರ್ ಕೇಬಲ್ ಕೊಳ್ಳುವಾಗ ಪೊಟ್ಟಣದ ಮೇಲಿನ ‘1000 ಆಂಪ್ಸ್’ ನಂಬಬೇಡಿ. ಅಗ್ಗದ ಕೇಬಲ್ಲಿನಲ್ಲಿ ದಪ್ಪಗಿರುವುದು ಪ್ಲಾಸ್ಟಿಕ್, ಒಳಗೆ ಎಳೆಯಂಥ ತಂತಿ. ಸ್ಟಾರ್ಟರ್ ಎಳೆಯುವ ಕರೆಂಟು ಅದರಲ್ಲಿ ಸಾಗದೆ ಕೇಬಲ್ ಬಿಸಿಯಾಗುತ್ತದೆ, ಎಂಜಿನ್ ತಿರುಗುವುದಿಲ್ಲ. ಸಣ್ಣ ಪೆಟ್ರೋಲ್ ಕಾರಿಗೆ 16 ಚದರ ಎಂಎಂ, ಡೀಸೆಲ್‌ಗೆ 25 ಚದರ ಎಂಎಂ ತಾಮ್ರದ ತಂತಿ ಬೇಕು. ಉದ್ದ ಮೂರು ಮೀಟರ್.

ಕೆಂಪು ಕ್ಲಿಪ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕಪ್ಪಿನ ಕೊನೆಯ ತುದಿ ಕೆಟ್ಟ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ: ಬ್ಯಾಟರಿ ಬಿಡುವ ಹೈಡ್ರೋಜನ್ ಅನಿಲಕ್ಕೆ ಕೊನೆಯ ಕಿಡಿ ತಾಗಬಾರದು. ಸಹಾಯ ಮಾಡುವ ಕಾರನ್ನು ಐದು ನಿಮಿಷ ಚಾಲೂ ಇಟ್ಟು ಬಳಿಕ ಸ್ಟಾರ್ಟ್ ಮಾಡಿ. ತೆಗೆಯುವುದು ಉಲ್ಟಾ ಕ್ರಮದಲ್ಲಿ.

ಇದೇ ಚೀಲದಲ್ಲಿ 10, 15, 20 ಆಂಪ್ಸ್‌ನ ಎರಡೆರಡು ಫ್ಯೂಸ್ (ಕೆಂಪು, ನೀಲಿ, ಹಳದಿ), ತಲೆಗೆ ಕಟ್ಟುವ ಟಾರ್ಚ್, ಕೈಗವಸು, ಟೋಯಿಂಗ್ ಹುಕ್, 12 ವೋಲ್ಟ್‌ನ ಗಾಳಿ ಪಂಪ್. ಪಂಪ್ ಬಳಸುವಾಗ ಎಂಜಿನ್ ಚಾಲೂ ಇರಲಿ. 15ರ ಜಾಗಕ್ಕೆ 30ರ ಫ್ಯೂಸ್ ಹಾಕಿದರೆ ಮುಂದೆ ಸುಡುವುದು ವೈರಿಂಗ್.

ಸೀಟಿನ ಪಕ್ಕ

ಬೆಲ್ಟ್ ಕತ್ತರಿಸುವ ಬ್ಲೇಡ್ ಇರುವ ಗಾಜಿನ ಸುತ್ತಿಗೆ ಡಿಕ್ಕಿಯಲ್ಲಿದ್ದರೆ ಇಲ್ಲದಂತೆಯೇ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ ಕಾರಿನಲ್ಲಿ ಸಿಲುಕಿದ್ದ ಯುವತಿ ಪ್ರಾಣ ಕಳೆದುಕೊಂಡರು. ಸುತ್ತಿಗೆಯನ್ನು ಚಾಲಕನ ಬಾಗಿಲಿನ ಜೇಬಿನಲ್ಲಿ ಬಿಗಿಯಾಗಿಡಿ. ಹೊಡೆಯಬೇಕಾದ್ದು ಪಕ್ಕದ ಕಿಟಕಿಯ ಮೂಲೆಗೆ. ಮುಂದಿನ ಗಾಜು ಎರಡು ಪದರದ್ದು, ಒಡೆದರೂ ಬಿಟ್ಟುಕೊಡುವುದಿಲ್ಲ.

ಒಂದು ಕೆ.ಜಿ.ಯ ಎಬಿಸಿ ಪುಡಿಯ ಅಗ್ನಿಶಾಮಕ ಮುಂದಿನ ಸೀಟಿನ ಕೆಳಗೆ ಪಟ್ಟಿಯಿಂದ ಕಟ್ಟಿರಲಿ, ಪೆಡಲ್ ಅಡಿಗೆ ಉರುಳಬಾರದು. ಮುಳ್ಳು ಹಸಿರಿನಲ್ಲಿದೆಯೇ ಆಗಾಗ ನೋಡಿ. ಬಾನೆಟ್‌ನಿಂದ ಹೊಗೆ ಬಂದರೆ ಅದನ್ನು ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಎದ್ದೇಳುತ್ತದೆ.

ಪ್ರಥಮ ಚಿಕಿತ್ಸೆಗೆ ಗಾಜ್, ಬ್ಯಾಂಡೇಜ್, ಕತ್ತರಿ, ಓಆರ್‌ಎಸ್ ಸಾಕು. ಮಾತ್ರೆಗಳು ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತವೆ. 112 (ತುರ್ತು), 108 (ಆಂಬುಲೆನ್ಸ್), 1033 (ರಾಷ್ಟ್ರೀಯ ಹೆದ್ದಾರಿ) ಮತ್ತು ವಿಮಾ ಕಂಪನಿಯ ನಂಬರುಗಳನ್ನು ಕಾಗದದಲ್ಲಿ ಬರೆದಿಡಿ. ಪವರ್ ಬ್ಯಾಂಕ್, ಸ್ಯಾನಿಟೈಸರ್, ಸ್ಪ್ರೇ ಡಬ್ಬಿಗಳನ್ನು ಮಾತ್ರ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡದೆ ಇಳಿಯುವಾಗ ಜೊತೆಗೇ ಒಯ್ಯಿರಿ.