ಡಯಲ್-ಅಪ್‌ನಲ್ಲಿ ಪ್ಯಾಕೆಟ್ ಗಾತ್ರ ಹೊಂದಿಸುವುದು

ಗಂಗಾವತಿಯ ಅಕ್ಕಿ ಗಿರಣಿಗಳ ಕಚೇರಿಗಳಲ್ಲಿ ವಿಂಡೋಸ್ 98 ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಡಯಲ್-ಅಪ್‌ನಲ್ಲಿ, ಅಂದರೆ ಫೋನಿನ ತಂತಿಯ ಇಂಟರ್‌ನೆಟ್‌ನಲ್ಲಿ, ಮೋಡೆಮ್ ಸಂಪರ್ಕ ಸಿಕ್ಕ ಮೇಲೂ ಪುಟ ಅರ್ಧಕ್ಕೇ ನಿಂತರೆ ಮೊದಲು ಪ್ಯಾಕೆಟ್ ಗಾತ್ರ, ಅಂದರೆ ಮಾಹಿತಿ ಸಾಗುವ ಒಂದೊಂದು ತುಂಡಿನ ಅಳತೆ, ನೋಡುತ್ತೇನೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ತೆರೆಯಿರಿ. ಡಯಲ್-ಅಪ್ ಅಡಾಪ್ಟರ್ ಆರಿಸಿ ಪ್ರಾಪರ್ಟೀಸ್ ಒತ್ತಿ, ಅಡ್ವಾನ್ಸ್ಡ್‌ಗೆ ಹೋಗಿ. ಅಲ್ಲಿ ಐಪಿ ಪ್ಯಾಕೆಟ್ ಸೈಜ್ ಇದೆ: ಲಾರ್ಜ್ ಎಂದರೆ 1500 ಬೈಟ್, ಮೀಡಿಯಂ 1000, ಸ್ಮಾಲ್ 576.

33.6 ಕಿಲೋಬಿಟ್ ವೇಗದಲ್ಲಿ 1500 ಬೈಟ್ ಸಾಗಲು ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಮಯ ಬೇಕು. ಮಳೆಗಾಲದಲ್ಲಿ ಫೋನಿನ ತಂತಿ ಕರಕರ ಎನ್ನುವಾಗ, ಮೋಡೆಮ್‌ನ ದೋಷ ತಿದ್ದುವ ಸೌಲಭ್ಯವೂ ಇಲ್ಲದಿದ್ದರೆ, ಒಂದು ಬಿಟ್ ಕೆಟ್ಟರೂ ಅಷ್ಟನ್ನೂ ಮತ್ತೆ ಕಳಿಸಬೇಕು. ಆಗ ಸ್ಮಾಲ್ ಇಡಿ. ಆದರೆ ಸಣ್ಣ ಪ್ಯಾಕೆಟ್ ಪುಕ್ಕಟೆಯಲ್ಲ. ಪ್ರತಿಯೊಂದರಲ್ಲೂ ಸಾಮಾನ್ಯವಾಗಿ 40 ಬೈಟ್ ವಿಳಾಸ ಮತ್ತಿತರ ವಿವರಗಳಿಗೇ ಹೋಗುತ್ತದೆ: 576ರಲ್ಲಿ ಸುಮಾರು ಶೇ 7, 1500ರಲ್ಲಿ ಶೇ 3ಕ್ಕೂ ಕಡಿಮೆ. ತಂತಿ ಚೊಕ್ಕಟವಾಗಿದ್ದು ದೊಡ್ಡ ಕಡತಗಳನ್ನೇ ಇಳಿಸುವವರಿಗೆ ನಾನು ಲಾರ್ಜ್ ಹಾಕಿಕೊಡುತ್ತೇನೆ.

ಬದಲಿಸಿದ ಮೇಲೆ ಕಂಪ್ಯೂಟರನ್ನು ಮರಳಿ ಶುರು ಮಾಡಿ. ಲಾರ್ಜ್ ಇಟ್ಟವರು, ಇನ್ನೊಂದು ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಗೆ ಎಫ್ (ಪ್ಯಾಕೆಟ್ ಒಡೆಯಬೇಡ) ಮತ್ತು ಎಲ್ (ಮಾಹಿತಿಯ ಗಾತ್ರ) ಆಯ್ಕೆಗಳನ್ನು ಸೇರಿಸಿ, ಎಲ್‌ಗೆ 1472 ಕೊಡಿ. ಉತ್ತರ ಬಂದರೆ, ಪಿಂಗ್‌ನ ವಿಳಾಸ ಮತ್ತಿತರ ವಿವರಗಳ 28 ಬೈಟ್ ಕೂಡಿ 1500 ಬೈಟ್ ಪ್ಯಾಕೆಟ್ ಒಡೆಯದೆ ಹೋಗುತ್ತಿದೆ. ಬಾರದಿದ್ದರೆ ಮೀಡಿಯಂಗೆ ಇಳಿಯಿರಿ.