ಕೈ ಕೊಡುವ ನುಡಿಗಟ್ಟುಗಳು

ಐನೂರು ಇಂಗ್ಲಿಷ್ ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿ, ಬೇಕಾದಾಗ ಒಂದನ್ನೂ ನೆಟ್ಟಗೆ ಬಳಸಲಾಗದೆ ತಡವರಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಎಡಕ್ಕೆ ನುಡಿಗಟ್ಟು, ಬಲಕ್ಕೆ ಒಂದು ಸಾಲಿನ ಅರ್ಥ, ಉದಾಹರಣೆಗೆ ಒಂದು ವಾಕ್ಯವೂ ಇಲ್ಲ. ಅಂಥ ಪುಸ್ತಕ ನಿಮ್ಮ ಬಳಿ ಇದ್ದರೆ ಮೊದಲು ಮುಚ್ಚಿಡಿ.

ಮೊದಲ ಹಂತ ಗುರುತಿಸುವುದು. ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಅಸಂಬದ್ಧವಾಗಿ ಕಂಡರೆ ಅಲ್ಲಿ ನುಡಿಗಟ್ಟು ಅಡಗಿದೆ. ಗುಟ್ಟಿನ ಮಾತಿನ ನಡುವೆ ಯಾರೋ ಕಾಳು ಚೆಲ್ಲಿದರೆ (‘ಸ್ಪಿಲ್ ದ ಬೀನ್ಸ್’), ಚೆಲ್ಲಿದ್ದು ಗುಟ್ಟೇ.

ಎರಡನೆಯದು, ಹಿಂದುಮುಂದಿನ ವಾಕ್ಯ ಓದಿ ಊಹಿಸಿ, ಆಮೇಲೆ ನಿಘಂಟು ತೆರೆಯಿರಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟೇ ಆಗಬೇಕು. ಹುಟ್ಟಿನ ಕಥೆಗಳ ಬೆನ್ನು ಹತ್ತಬೇಡಿ. ಧೋ ಎಂದು ಸುರಿಯುವ ಮಳೆಗೆ ಇಂಗ್ಲಿಷಿನವರು ಬೆಕ್ಕು ನಾಯಿ ಸುರಿದವು ಎನ್ನುತ್ತಾರಲ್ಲ, ಹುಲ್ಲಿನ ಮಾಡಿನಿಂದ ಅವು ಜಾರಿ ಬೀಳುತ್ತಿದ್ದವು ಎಂಬ ವಿವರಣೆ 1999ರಲ್ಲಿ ಇಮೇಲ್‌ನಲ್ಲಿ ಹರಿದಾಡಿದ ಕಟ್ಟುಕಥೆ.

ಎಲ್ಲರೂ ಜಾರುವುದು ಮೂರನೆಯ ಹಂತದಲ್ಲಿ. ಅರ್ಥ ಸಿಕ್ಕ ಕೂಡಲೇ ಅದಕ್ಕೊಂದು ಕನ್ನಡದ ಜೋಡಿ ಹುಡುಕಿ ಗಂಟು ಹಾಕುತ್ತೇವೆ. ಪೂರ್ತಿ ಅಪರಿಚಿತವಾದ ನುಡಿಗಟ್ಟಿನಿಂದ ಅಪಾಯ ಕಡಿಮೆ, ನಿಘಂಟು ನೋಡದೆ ವಿಧಿಯಿಲ್ಲ. ಮೋಸ ಮಾಡುವುದು ನಮ್ಮದರ ಮುಖವನ್ನೇ ಹೊತ್ತು ಬರುವಂಥವು. ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು. ನಮ್ಮಲ್ಲಿ ಕೈ ಕೊಟ್ಟವನು ನಡುನೀರಿನಲ್ಲಿ ಬಿಟ್ಟುಹೋದವನು. ‘ಬಿಗ್ ಮೌತ್’ ಇರುವವನ ಬಾಯಲ್ಲಿ ಗುಟ್ಟು ನಿಲ್ಲದು. ಕನ್ನಡದಲ್ಲಿ ಬಾಯಿ ದೊಡ್ಡದಾದರೆ ಜಗಳಗಂಟ. ‘ಈಟ್ ಯುವರ್ ವರ್ಡ್ಸ್’ ಎಂದರೆ ಆಡಿದ್ದು ತಪ್ಪಾಯಿತೆಂದು ಒಪ್ಪಿಕೋ ಎಂದು. ಅದನ್ನು ಮಾತು ನುಂಗುವುದು ಎಂದೋ, ಇನ್ನೂ ಕೆಟ್ಟದಾಗಿ ಮಾತಿಗೆ ತಪ್ಪುವುದು ಎಂದೋ ಅನುವಾದಿಸಿದವರಿದ್ದಾರೆ. ಕಾಲೆಳೆಯುವುದಂತೂ ಕನ್ನಡದಲ್ಲೇ ಎರಡು ದೋಣಿಯ ಮೇಲಿದೆ: ಏಳಿಗೆ ಸಹಿಸದೆ ಕೆಳಕ್ಕೆ ಎಳೆಯುವುದೂ ಅದೇ, ತಮಾಷೆ ಮಾಡುವುದೂ ಅದೇ. ಇಂಗ್ಲಿಷಿನ ‘ಪುಲ್ ಸಮ್‌ಒನ್ಸ್ ಲೆಗ್’ ಎಂದರೆ ತಮಾಷೆ ಮಾತ್ರ. ಮೊಸಳೆ ಕಣ್ಣೀರಿನಂತೆ ಎರಡೂ ಕಡೆ ಹೊಂದುವುದು ನಮ್ಮ ಅದೃಷ್ಟ, ನಿಯಮವಲ್ಲ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದ ಜೋಡಿಯನ್ನು ಬರೆಯಲೇಬೇಡಿ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬ ಸನ್ನಿವೇಶವನ್ನು ಬರೆದು ಅದರ ಕೆಳಗೆ ಸಿಕ್ಕ ವಾಕ್ಯವನ್ನು ಇಡಿಯಾಗಿ ಇಳಿಸಿಕೊಳ್ಳಿ. ಮೊಬೈಲ್‌ನ ಅನುವಾದ ಆ್ಯಪ್ ಈ ಕೆಲಸ ಮಾಡಿಕೊಡುತ್ತದೆಂದು ನಾನು ನಂಬುವುದಿಲ್ಲ.

ಆಮೇಲೆ ತೂಕ ನೋಡಿ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು, ಸರಿ. ಆದರೆ ಅದು ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ತಂದ ಪೋಲಿ ಮಾತುಗಳ ನಿಘಂಟಿನಲ್ಲಿದ್ದ ಮಾತು, ನಮ್ಮ ‘ಗೊಟಕ್ಕೆಂದ’ ಎಂಬುದರ ದಾಯಾದಿ. ಸಂತಾಪದ ಪತ್ರವೊಂದರಲ್ಲಿ ಅದನ್ನು ಓದಿ ನಾನೇ ಬೆವೆತಿದ್ದೇನೆ. ಪದಗಳನ್ನು ಅಲುಗಿಸಲೂಬೇಡಿ: ಬಕೆಟ್ ಒದೆಯಲ್ಪಟ್ಟಿತು ಎಂದು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ಸಾವು ಹೋಗಿ ಬರೀ ಬಕೆಟ್ ಉಳಿಯುತ್ತದೆ.

ಕೊನೆಯದು ಬಳಕೆ. ಮೂರು ಬೇರೆ ಬೇರೆ ಕಡೆ ಓದದ ಹೊರತು ಯಾವುದನ್ನೂ ಬಾಯಿಗೆ ತರಬೇಡಿ, ಕೇಳುವವರು ಯಾರೆಂಬುದೂ ತಿಳಿದಿರಲಿ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟನ್ನಿನವರು ಚರ್ಚೆಗೆ ಅಣಿಯಾಗುತ್ತಾರೆ, ಅಮೆರಿಕದವರು ಅದನ್ನು ಬದಿಗಿಟ್ಟು ಮುಂದಿನ ವಿಷಯಕ್ಕೆ ಹೋಗುತ್ತಾರೆ.